ಒಂದು ಕಟ್ಟಡ, ಮೂರು ಪಾಲು

ಜಯನಗರದ ಒಂದು ಮೂಲೆ ನಿವೇಶನದಲ್ಲಿ ಕೆಳಗೆ ಅಂಗಡಿಗಳು, ಮೇಲೆ ಆರು ಮಹಡಿ ಕಚೇರಿಗಳಿರುವ ಕಟ್ಟಡದ ನಕ್ಷೆ ಬೇಕೆಂದು ಆ ಜಾಗದ ಯಜಮಾನರು ನಮ್ಮ ಕಚೇರಿಗೆ ಬಂದ ದಿನ, ನಾನು ಯಾರದೋ ಮನೆಯ ಬಚ್ಚಲಿನ ಇಳಿಜಾರನ್ನು ಮತ್ತೆ ಮತ್ತೆ ತಿದ್ದುತ್ತ ಕೂತಿದ್ದೆ. ಅರವತ್ತರ ದಶಕದ ಮೊದಲ ವರ್ಷಗಳು. ದಕ್ಷಿಣದ ಹೊಸ ಬಡಾವಣೆಗಳಲ್ಲಿ ಎಲ್ಲರೂ ಮನೆ ಕಟ್ಟಿಸುತ್ತಿದ್ದರು, ಎಲ್ಲರಿಗೂ ಒಂದೇ ಮನೆ ಬೇಕಿತ್ತು: ಮುಂದೆ ವರಾಂಡ, ಪಕ್ಕದಲ್ಲಿ ಕಾರಿಲ್ಲದ ಕಾರ್ ಷೆಡ್ಡು, ಹಿಂದೆ ತುಳಸಿಕಟ್ಟೆ. ಆರು ಮಹಡಿ ಎಂಬ ಮಾತು ಕಿವಿಗೆ ಬಿದ್ದದ್ದೇ ನಾನು ಬಚ್ಚಲನ್ನು ಅಲ್ಲಿಗೇ ಬಿಟ್ಟು ಎದ್ದು ಬಂದೆ.

ಯಜಮಾನರದು ಬಡಾವಣೆಗಿಂತ ಹಳೆಯ ಮನೆತನ. ಅವರ ಹೊಲಗಳ ಮೇಲೆಯೇ ಬ್ಲಾಕುಗಳೂ ರಸ್ತೆಗಳೂ ಬಂದಿದ್ದವು. ಕೊನೆಗೆ ಅವರಿಗೆಂದು ಉಳಿದದ್ದು ಎರಡು ರಸ್ತೆ ಕೂಡುವ ಆ ಮೂಲೆ ಜಾಗ. ಬಿಳಿ ಪಂಚೆ, ಕರಿ ಕೋಟು, ಕೈಯಲ್ಲಿ ಮಡಚಿದ ಕೊಡೆ. ನಮ್ಮ ಹಿರಿಯರ ಮೇಜಿನ ಮುಂದೆ ಕೂತು ಹೇಳಿದರು:

"ಸ್ವಾಮಿ, ಬನಶಂಕರಿ ಗುಡಿ ಹತ್ರ ನಿಂತ್ರೂ ನಮ್ ಕಟ್ಟಡ ಕಾಣ್ಬೇಕು."

"ಕಾಣೋ ಹಾಗೆ ಮಾಡೋಣ," ಎಂದರು ಹಿರಿಯರು. ಆ ಕಚೇರಿಯನ್ನು ಕಟ್ಟಿದವರು ಅವರು, ನಾನು ಅವರ ಕೈಕೆಳಗಿನ ಇಬ್ಬರು ವಾಸ್ತುಶಿಲ್ಪಿಗಳಲ್ಲಿ ಚಿಕ್ಕವನು. "ಆದರೆ ಅಷ್ಟೆತ್ತರದಲ್ಲಿ ಬಾಡಿಗೆಗೆ ಬರೋರು ಯಾರು?"

"ಒಂದು ವಿಮಾ ಕಂಪ್ನಿಯೋರು ಕೇಳವ್ರೆ. ಎರಡು ಮಹಡಿ ಪೂರ್ತಿ ಬೇಕಂತೆ. ಈ ತುದಿಯಿಂದ ಆ ತುದಿವರ್ಗೂ ಒಂದೇ ಹಾಲು, ನಡುವೆ ಗೋಡೆ ಇರ್ಬಾರ್ದು ಅಂತಾರೆ."

ಹಿರಿಯರು ನನ್ನ ಕಡೆ ನೋಡಿದರು. ನಾನು ಆಗಲೇ ಪೆನ್ಸಿಲಿನ ಮೊನೆ ಮಾಡುತ್ತಿದ್ದೆ.

ಮುಂದಿನ ಕೆಲವು ವಾರ ನನಗೆ ಹಬ್ಬ. ನಿವೇಶನದಲ್ಲಿ ಮೂರು ಕಡೆ ಗುಂಡಿ ತೋಡಿಸಿ ನೋಡಿದೆವು. ಆಳುದ್ದ ತೋಡುವಷ್ಟರಲ್ಲೇ ಗಟ್ಟಿ ಮೊರಂ, ಗರಸು ಮಣ್ಣು, ಸಿಕ್ಕಿತು, ಆ ಎತ್ತರದ ಭಾರಕ್ಕೆ ಅದಕ್ಕಿಂತ ಒಳ್ಳೆಯ ನೆಲ ಬೇಕಿರಲಿಲ್ಲ. ಕಂಬಗಳ ಸಾಲನ್ನು ರಸ್ತೆಗೆ ಸಮನಾಗಿ ಹಾಕಿ, ಅಂಗಡಿಗಳ ಮುಂದೆ ಜನ ಬಿಸಿಲಿಗೆ ಬೀಳದಂತೆ ನಡೆದುಹೋಗಲು ಒಂದು ಮೊಗಸಾಲೆ ಬಿಟ್ಟೆ. ಹಿಂಭಾಗದಲ್ಲಿ ಒಂದೇ ಮೆಟ್ಟಿಲು, ಅದರ ಪಕ್ಕ ಲಿಫ್ಟು. ಮೇಲೆ ಒಂದರ ಮೇಲೊಂದು ಆರು ಹಾಲುಗಳು. ಲೆಕ್ಕ ಮೆಟ್ರಿಕ್ಕಿಗೆ ಬಂದಿತ್ತು, ಮೇಸ್ತ್ರಿಗಳಿಗೆ ಮಾತ್ರ ಅಡಿ ಅಂಗುಲವೇ ಆಗಬೇಕು, ಹಾಗಾಗಿ ಪ್ರತಿ ಅಳತೆಯನ್ನೂ ಎರಡೆರಡು ಸಲ ಬರೆಯುತ್ತಿದ್ದೆ. ಆ ಬೇಸರದ ಕೆಲಸವೂ ಆಗ ಬೇಸರ ಎನಿಸಲಿಲ್ಲ. ಬಡಾವಣೆಯಲ್ಲೇ ಎತ್ತರದ ಕಟ್ಟಡ ನನ್ನ ಕೈಯಿಂದ ಏಳಲಿದೆ ಎಂಬ ಜಂಬ ತಲೆಗೇರಿತ್ತು.

ಪಾಲಿನ ವಿಷಯ ಯಜಮಾನರು ತೆಗೆದದ್ದು ಆಮೇಲೆ, ಅದೂ ಹೊರಡಲು ಎದ್ದು ನಿಂತಾಗ.

"ಇದು ಮೂರು ಜನದ ಆಸ್ತಿ ಸ್ವಾಮಿ. ನಾನು, ನನ್ ಕಿರಿ ತಮ್ಮ. ನಡುವಿನೋನು ಹೋಗ್ಬಿಟ್ಟ, ಅವನ ಹೆಂಡ್ರು ಇದಾಳೆ, ಎರಡು ಹೆಣ್ಮಕ್ಳು. ಕಟ್ಟಿ ಮುಗಿದ್ಮೇಲೆ ಭಾಗ ಆಗ್ಬೇಕು. ಅಂಗಡಿಗಳೂ ಮೊದಲ್ನೇ ಮಹಡಿನೂ ನನಗೆ. ಎರಡು, ಮೂರು ತಮ್ಮಂಗೆ. ಮೇಲಿನ ಮೂರೂ ಅವ್ಳಿಗೆ. ಬಾಡಿಗೆ ಎಲ್ರಿಗೂ ಒಂದೇ ಸಮ ಬರೋ ಹಂಗೆ ಲೆಕ್ಕ ಹಾಕ್ಕೊಡಿ."

ಗಂಡನ ಪಾಲು ವಿಧವೆಗೆ ಸೇರಬೇಕೆಂಬ ಕಾನೂನು ಆಗ ಹೊಸದು. ಯಜಮಾನರು ಅದನ್ನು ತಪ್ಪಿಸಲು ನೋಡಲಿಲ್ಲ, ಅದನ್ನು ಇಲ್ಲಿ ಹೇಳಲೇಬೇಕು. ಅವರು ಕೆಟ್ಟವರಲ್ಲ. ನಡುವಿನ ತಮ್ಮ ಸತ್ತ ಮೇಲೆ ಆ ಮೂವರ ಊಟ, ಬಟ್ಟೆ, ಮಕ್ಕಳ ಸ್ಕೂಲು ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಅವರಿಗೆ ಇದ್ದದ್ದು ದೊಡ್ಡವನಿಗೆ ಕೆಳಗಿನದು ಬರುವುದು ಸಹಜ ಎಂಬ ನಂಬಿಕೆ, ಅಷ್ಟೆ. ಭಾಗದ ಪ್ರಶ್ನೆ ಗಣಿತದ ಪ್ರಶ್ನೆಯಾಗಿ ಬಂದದ್ದು ನನಗಂತೂ ಹಿಡಿಸಿತು. ಲಿಫ್ಟ್ ಇದ್ದರೆ ಮೇಲಿನ ಮಹಡಿಗೂ ಬಾಡಿಗೆ ಬರುತ್ತದೆ, ದರ ಸ್ವಲ್ಪ ಕಡಿಮೆ, ಅದಕ್ಕೇ ಆಕೆಗೆ ಎರಡರ ಬದಲು ಮೂರು ಮಹಡಿ. ಲೆಕ್ಕ ಹಾಕಿದೆ, ಮೂರು ಪಾಲೂ ಕೂದಲೆಳೆಯಷ್ಟು ಅಂತರದಲ್ಲಿ ಸರಿಹೋದವು.

ರಟ್ಟಿನಲ್ಲಿ ಒಂದು ಮಾದರಿಯನ್ನೂ ಮಾಡಿದೆ. ಒಂದೊಂದು ಮಹಡಿಯನ್ನೂ ಟಿಫಿನ್ ಕ್ಯಾರಿಯರಿನ ಡಬ್ಬಿಗಳ ಹಾಗೆ ಬಿಡಿಬಿಡಿಯಾಗಿ ಎತ್ತಬಹುದಿತ್ತು. ಪಾಲು ಯಾವುದು ಯಾರದು ಎಂದು ತೋರಿಸಲು ಅನುಕೂಲ ಎಂದುಕೊಂಡಿದ್ದೆ.

ಅಷ್ಟರಲ್ಲಿ ಲಿಫ್ಟಿನವರ ಪತ್ರ ಬಂತು. ಯಂತ್ರ ಹೊರದೇಶದಿಂದ ಬರಬೇಕು, ಆಮದಿಗೆ ಪರವಾನಗಿ ಸಿಗಬೇಕು, ಯಾವಾಗ ಎಂದು ಹೇಳಲಾರೆವು, ವರ್ಷಗಳೇ ಹಿಡಿಯಬಹುದು ಎಂದು ಅದರಲ್ಲಿತ್ತು. ನಾನು ಪತ್ರ ಹಿಡಿದುಕೊಂಡು ಯಜಮಾನರಿಗೆ ಓದಿ ಹೇಳಿದೆ.

"ಬಂದಾಗ ಬರುತ್ತೆ ಬಿಡಿ. ಗುಂಡಿ ಬಿಟ್ಟಿರಿ," ಎಂದರು ಅವರು.

"ಲಿಫ್ಟ್ ಇಲ್ಲದೆ ನಾಲ್ಕನೇ ಮಹಡಿಗೇ ಜನ ಗೊಣಗುತ್ತಾರೆ, ಐದು, ಆರಕ್ಕೆ ಯಾರೂ ಬರಲ್ಲ. ಅದು ಅವರ ಪಾಲು."

"ನಾನಿದೀನಲ್ಲ ಸ್ವಾಮಿ. ಅಲ್ಲಿವರ್ಗೂ ನೋಡ್ಕೊತೀನಿ. ಉಪವಾಸ ಹಾಕ್ತೀನಾ?"

ಪತ್ರವನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಆದರೆ ಮನಸ್ಸಿಗೆ ಕಸಿವಿಸಿಯಾಯಿತು. ನನ್ನ ಲೆಕ್ಕದ ಸಮಪಾಲು ಪೂರ್ತಿಯಾಗಿ ಒಂದು ಯಂತ್ರದ ಹಗ್ಗಕ್ಕೆ ನೇತುಬಿದ್ದಿತ್ತು. ಅದು ಬರುವವರೆಗೆ ಅಣ್ಣತಮ್ಮಂದಿರು ಬಾಡಿಗೆ ಎಣಿಸುತ್ತಾರೆ, ಆಕೆ ಮಕ್ಕಳ ಫೀಸಿಗೆ ಭಾವನವರ ಮುಂದೆ ಕಾಯುತ್ತಾಳೆ.

ನಕ್ಷೆಗೆ ಮೂವರ ಒಪ್ಪಿಗೆ ಬೇಕಿತ್ತು. ಒಂದು ಭಾನುವಾರ ಬೆಳಿಗ್ಗೆ ಅವರ ಹಳೆಯ ಮನೆಗೆ ಮಾದರಿಯನ್ನು ಹಳೇ ಸೀರೆಯೊಂದರಲ್ಲಿ ಸುತ್ತಿಕೊಂಡು ಹೋದೆ. ಪಡಸಾಲೆಯಲ್ಲಿ ಜಮಖಾನ ಹಾಸಿದ್ದರು. ಯಜಮಾನರು ಗೋಡೆಗೊರಗಿ ಕೂತಿದ್ದರು. ತಮ್ಮ, ಲಾರಿ ಇಟ್ಟುಕೊಂಡು ಮರಳು ಹೊಡೆಸುತ್ತಿದ್ದವನು, ಮಾದರಿಯನ್ನು ನೋಡಿ ಮಕ್ಕಳ ಹಾಗೆ ಖುಷಿಪಟ್ಟ. ನಡುವಿನವನ ಹೆಂಡತಿ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ಗಂಡನ ಅಣ್ಣನ ಎದುರು ಬಂದು ಮಾತಾಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಹೇಳಬೇಕಾದ್ದನ್ನು ಮೈದುನನಿಗೆ ಹೇಳಿದರೆ ಅದು ಭಾವನಿಗೂ ಹೇಳಿದ ಹಾಗೆ.

ನಾನು ಒಂದೊಂದೇ ಮಹಡಿ ಎತ್ತಿ ವಿವರಿಸಿದೆ. ಮೇಲಿನ ಮೂರನ್ನು ತೋರಿಸಿ, "ಇದು ನಿಮ್ಮದಮ್ಮ," ಎಂದೆ ಬಾಗಿಲಿಗೆ.

"ಇಂಜಿನಿಯರ್ ಅವ್ರನ್ನ ಕೇಳಪ್ಪ," ಎಂದಿತು ಬಾಗಿಲು, ಹೆಸರಿಗೆ ಮೈದುನನ ಕಡೆಗೆ. "ನನ್ ಪಾಲಿನ ನೆಲ ಎಲ್ಲೈತೆ?"

"ನೆಲ ಮೂವರಿಗೂ ಸೇರಿದ್ದು," ಎಂದೆ. "ಅದರಲ್ಲಿ ಮೂರರಲ್ಲೊಂದು ಪಾಲು ನಿಮ್ಮದು."

"ಅದು ಸರಿ. ಎಲ್ಲಿ ನಿಂತ್ಕೊಂಡ್ರೆ ಇದು ನಂದು ಅನ್ಬೋದು?"

ನಾನು ಪೆನ್ಸಿಲ್ ಹಿಡಿದು ನಕ್ಷೆಯ ಮೇಲೆ ಬಗ್ಗಿದೆ, ತೋರಿಸಲು ಜಾಗ ಸಿಗಲಿಲ್ಲ. ಅಂಗಡಿಗಳ ಮೇಲೆ ಯಜಮಾನರ ಹೆಸರಿತ್ತು. ಮೆಟ್ಟಿಲು ಎಲ್ಲರದು, ಅಂದರೆ ಯಾರದೂ ಅಲ್ಲ. ಇಂದು ಅಪಾರ್ಟ್‌ಮೆಂಟಿನ ಕಾಲದಲ್ಲಿ ಈ ಪ್ರಶ್ನೆ ಯಾರಿಗೂ ಏಳುವುದಿಲ್ಲ. ಆಗ, ಹೊಲ ಹಂಚಿಕೊಂಡು ಬದುಕಿದ ಮನೆಯಲ್ಲಿ, ಕಾಲಡಿಯಲ್ಲಿ ಮಣ್ಣಿಲ್ಲದ ಪಾಲು ಎಂದರೆ ಏನೆಂದು ಯಾರಿಗೂ ತಿಳಿಯದು. ನಿಜ ಹೇಳಬೇಕೆಂದರೆ ನನಗೂ ತಿಳಿದಿರಲಿಲ್ಲ.

"ಗಾಳೀಲಿ ಪಾಲು ಕೊಟ್ಟಂಗಾಯ್ತಲ್ಲ," ಎಂದು ತಮ್ಮ ನಕ್ಕ. ಯಜಮಾನರು ನಗಲಿಲ್ಲ.

"ಬಾಡಿಗೆ ಬರುತ್ತಲ್ಲ, ನೆಲ ಕಟ್ಕೊಂಡು ಏನ್ಮಾಡ್ತಾಳಂತೆ?" ಎಂದರು.

ಒಳಗೆ ಪಾತ್ರೆ ಸರಿಸಿದ ಸದ್ದಾಯಿತು. ಆಮೇಲೆ ಅದೇ ಸಮಾಧಾನದ ದನಿ: "ಭಾವನವರು ಹಿರೇರು, ಭಾಗ ಮಾಡವ್ರೆ. ನಾನು ಬ್ಯಾಡ ಅನ್ನಲ್ಲ. ಹಂಗಾದ್ರೆ ಪದ್ಧತಿ ಪ್ರಕಾರಾನೇ ಆಗ್ಲಿ. ಚಿಕ್ಕೋರು ಮೊದ್ಲು ಎತ್ಕೊಳ್ಲಿ."

ಅದು ಅವರ ಹೊಲದ ಪದ್ಧತಿ. ಹಿರಿಯವನು ಪಾಲು ಮಾಡಬೇಕು, ಕಿರಿಯವನು ಮೊದಲು ಆರಿಸಿಕೊಳ್ಳಬೇಕು, ನಡುವಿನವರು ಆಮೇಲೆ, ಮಾಡಿದವನಿಗೆ ಉಳಿದದ್ದು. ಅವರ ಅಪ್ಪನ ಕಾಲದಲ್ಲೂ ಹಾಗೆಯೇ ಆಗಿತ್ತಂತೆ. ಕಟ್ಟಡ ಎನ್ನುವ ಹೊಸ ವಸ್ತು ಬಂದದ್ದರಿಂದ ಯಜಮಾನರಿಗೆ ಅದು ನೆನಪಾಗಿರಲಿಲ್ಲ, ಅಥವಾ ನೆನಪಾಗದಿದ್ದದ್ದೇ ಅವರಿಗೆ ಅನುಕೂಲವಾಗಿತ್ತು.

ತಮ್ಮ ಅಣ್ಣನ ಮುಖ ನೋಡಿದ. "ಅಣ್ಣಯ್ಯ, ಎತ್ಕೊಳ್ಳಾ?"

ಯಜಮಾನರು ಮೀಸೆ ನೇವರಿಸಿದರು. ಪದ್ಧತಿ ಬೇಡ ಎಂದು ಅವರ ಬಾಯಿಂದ ಬರುವಂತಿರಲಿಲ್ಲ. "ಎತ್ಕೊ," ಎಂದರು.

ಅವನು ಅಂಗಡಿಗಳಿಗೆ ಕೈ ಹಾಕಿದ. ಅವು ಎಲ್ಲಕ್ಕಿಂತ ಕೆಳಗಿದ್ದವು, ಹಾಗಾಗಿ ಮೇಲಿನ ಮೂರು ಮಹಡಿಯನ್ನು ಒಟ್ಟಿಗೆ ಎತ್ತಿ ಪಕ್ಕಕ್ಕಿಟ್ಟ, ಆಮೇಲೆ ಎರಡನೇ, ಮೂರನೇ ಮಹಡಿಗಳನ್ನು ತೆಗೆದು ಬಾಗಿಲ ಕಡೆ ಸರಿಸಿದ. ಅಂಗಡಿಗಳನ್ನೂ ಮೊದಲ ಮಹಡಿಯನ್ನೂ ತನ್ನ ಮುಂದೆ ಎಳೆದುಕೊಂಡ. "ಅತ್ತಿಗೆ, ನೀವು?" ಎಂದು ಕೇಳಿದ. "ಇಲ್ಲಿ ಸರಿಸಿದೀಯಲ್ಲ, ಅದೇ ಆಗ್ಲಿ," ಎಂದಿತು ಬಾಗಿಲು. ವಿಮಾ ಕಂಪನಿ ಕೇಳಿದ್ದ ಎರಡು ಇಡೀ ಮಹಡಿಗೆ ಸರಿಯಾಗಿ ಹೊಂದುತ್ತಿದ್ದದ್ದು ಅವೇ. ಯಜಮಾನರ ಮುಂದೆ ಲಿಫ್ಟಿಲ್ಲದ ಮೂರು ಮಹಡಿಗಳು ಜಮಖಾನದ ಮೇಲೆ ಕೂತಿದ್ದವು.

ನನಗೆ ನಗು ಬಂದು ಕೆಮ್ಮಿನಲ್ಲಿ ಮುಗಿಸಿದೆ. ಯಜಮಾನರು ಆ ರಟ್ಟನ್ನು ಎತ್ತಿ ನೋಡಿ ಕೆಳಗಿಟ್ಟು, ನನ್ನ ಮೇಲೆ ತಿರುಗಿದರು.

"ಏನ್ ಸ್ವಾಮಿ, ಇದೆಂಥಾ ನಕ್ಷೆ ಬರ್ದಿದೀರಿ! ಇದನ್ ಯಾರ್ ತಗೊಂತಾರೆ?"

"ನೀವು ಹೇಳಿದ್ದೇ ಬರೆದದ್ದು."

"ಬೇರೆ ಬರೀರಿ. ಯಾರು ಯಾವುದ್ ಎತ್ಕೊಂಡ್ರೂ ಹೊಟ್ಟೆ ಉರೀಬಾರ್ದು, ಹಂಗೆ ಬರೀರಿ."

ಇಷ್ಟು ಸ್ಪಷ್ಟವಾಗಿ ಹೇಳಿದ ಗಿರಾಕಿ ಆಮೇಲೆ ನನಗೆ ಸಿಕ್ಕಿಲ್ಲ. ಹೇಳಿದಷ್ಟು ಸುಲಭವಾಗಿ ಬರೆಯಲು ಆಗುವಂಥದ್ದಲ್ಲ ಅಷ್ಟೆ.

ಮೂವರಿಗೂ ನೆಲ ಬೇಕೆಂದರೆ ಕಟ್ಟಡವನ್ನು ಅಡ್ಡಲಾಗಿ ಅಲ್ಲ, ಬ್ರೆಡ್ಡು ಕತ್ತರಿಸುವ ಹಾಗೆ ನೇರವಾಗಿ ಮೇಲಿಂದ ಕೆಳಗೆ ಕತ್ತರಿಸಬೇಕು. ಪ್ರತಿಯೊಬ್ಬರಿಗೂ ರಸ್ತೆಗೆ ಅಂಗಡಿ, ಅದರ ಮೇಲೆ ಆಕಾಶದವರೆಗೆ ಅವರದೇ ಮಹಡಿಗಳು. ಗೋಡೆ ಎಳೆದು ಇದು ನಿನ್ನದು ಅದು ನನ್ನದು ಎಂದುಬಿಡುವುದು ಸುಲಭ. ಆದರೆ ಕಂಬ, ತೊಲೆ, ಮಹಡಿಯ ಹಾಸು ಎಲ್ಲ ಒಂದಕ್ಕೊಂದು ಬೆಸೆದಿರುವ ಕಟ್ಟಡದಲ್ಲಿ ಆ ಗೋಡೆ ಬರೀ ಮಾತಿನದು. ನಾಳೆ ತಮ್ಮ ತನ್ನ ಪಾಲು ಮಾರಿ, ಕೊಂಡವನು ಕೆಡವಲು ಹೊರಟರೆ, ಪಕ್ಕದ ಪಾಲೂ ಅದರ ಜೊತೆ ಕುಸಿದು ಕೂರುತ್ತದೆ. ಎಲ್ಲರಿಗಿಂತ ಕಷ್ಟ ಯಾರಿಗೆಂದರೆ, ದಾವೆ ಹೂಡಲು ಕಾಸಿಲ್ಲದವರಿಗೆ.

ಉದ್ದನೆಯ ಕಟ್ಟಡಗಳಲ್ಲಿ ಬಿಸಿಲಿಗೆ ಕಾಂಕ್ರೀಟು ಹಿಗ್ಗಿ ಬಿರಿಯದಿರಲೆಂದು ನಡುವೆ ಒಂದು ಸಂದಿ ಬಿಡುತ್ತೇವೆ. ಅಲ್ಲಿ ಒಂದು ಕಂಬದ ಬದಲು ಜೋಡಿ ಕಂಬ, ನಡುವೆ ಅಂಗುಲದಷ್ಟು ಖಾಲಿ. ನಮ್ಮ ಕಟ್ಟಡ ಅಂಥ ಸಂದಿ ಬೇಕಾಗುವಷ್ಟು ಉದ್ದವಿರಲಿಲ್ಲ. ಆದರೂ ಅದನ್ನೇ ಎರಡು ಕಡೆ ಬಿಟ್ಟರೆ? ಮೂರು ಕಟ್ಟಡಗಳು ಭುಜಕ್ಕೆ ಭುಜ ಕೊಟ್ಟು ನಿಂತರೂ ಒಂದನ್ನೊಂದು ಮುಟ್ಟುವುದಿಲ್ಲ. ಹಾಸಿನ ಮಟ್ಟ ಮೂರರಲ್ಲೂ ಒಂದೇ ಇಟ್ಟು, ಸಂದಿಯ ಪಕ್ಕ ಭಾರ ಹೊರದ ತೆಳು ಇಟ್ಟಿಗೆ ಗೋಡೆ ಕಟ್ಟಿದರೆ ಸಾಕು. ಮೂವರೂ ಒಪ್ಪಿದ ದಿನ ಗೋಡೆ ತೆಗೆದರೆ ಕಂಪನಿಗೆ ಬೇಕಾದ ಉದ್ದನೆಯ ಹಾಲು ಸಿಗುತ್ತದೆ, ಮನಸ್ತಾಪ ಬಂದ ದಿನ ಮತ್ತೆ ಕಟ್ಟಿಕೊಳ್ಳಬಹುದು.

ಹಿರಿಯರಿಗೆ ತೋರಿಸಿದೆ. ಅವರು ಕನ್ನಡಕವನ್ನು ಹಣೆಗೇರಿಸಿದರು.

"ಏನಯ್ಯಾ ಇದು? ಒಂದು ಕಂಬ ಸಾಕಾದ ಕಡೆ ಎರಡೆರಡು. ಮನೆ ಭಾಗ ಮಾಡೋದು ವಕೀಲರ ಕೆಲಸ, ನಮ್ಮದಲ್ಲ."

"ಭಾಗ ಆಗುತ್ತೆ ಅಂತ ಗೊತ್ತಿದ್ದೂ ಭಾಗ ಆಗದ ಹಾಗೆ ಕಟ್ಟಿಕೊಟ್ಟರೆ, ಅದು ನಮ್ಮ ತಪ್ಪಾಗುತ್ತೆ ಸಾರ್."

"ಕಬ್ಬಿಣ ಎಲ್ಲಿಂದ ತರ್ತೀಯಾ?"

ಅದೇ ನನ್ನ ಗಂಟಲಿನ ಮುಳ್ಳು. ಕಬ್ಬಿಣ, ಸಿಮೆಂಟು ಎರಡೂ ಪರ್ಮಿಟ್ಟಿನಲ್ಲಿ ಸಿಗುತ್ತಿದ್ದ ಕಾಲ. ಆರು ಮಹಡಿಯ ಲೆಕ್ಕಕ್ಕೆ ಮಂಜೂರಾದಷ್ಟೇ ಕಬ್ಬಿಣ, ಅದಕ್ಕಿಂತ ಒಂದು ಸಲಾಕೆ ಹೆಚ್ಚಿಲ್ಲ. ಜೋಡಿ ಕಂಬಗಳೂ ಮೂರು ಬೇರೆ ಬೇರೆ ಮೆಟ್ಟಿಲುಗಳೂ ಅದರಲ್ಲಿ ದೊಡ್ಡ ಪಾಲು ನುಂಗುತ್ತಿದ್ದವು. ಇನ್ನೊಂದು ತೊಂದರೆ ಗಾಳಿಯದು. ಇಡೀ ಕಟ್ಟಡವಾದರೆ ಅಗಲ ಸಾಕಷ್ಟಿತ್ತು, ಆರು ಮಹಡಿ ನಿಶ್ಚಿಂತೆಯಿಂದ ನಿಲ್ಲುತ್ತಿತ್ತು. ಕತ್ತರಿಸಿದ ಒಂದೊಂದು ಹೋಳು ಸಪೂರ. ಪಕ್ಕದವರ ಆಸರೆಯಿಲ್ಲದೆ ಅಷ್ಟೆತ್ತರ ಒಂಟಿಯಾಗಿ ನಿಲ್ಲಬೇಕೆಂದರೆ ಕಂಬಗಳು ಅಂಗಡಿಯನ್ನೇ ತುಂಬಿಬಿಡುವಷ್ಟು ದಪ್ಪವಾಗುತ್ತಿದ್ದವು. ಸ್ಲೈಡ್ ರೂಲ್ ಹಿಡಿದು ಬೇರೆ ಬೇರೆ ರೀತಿಯಲ್ಲಿ ಲೆಕ್ಕ ಮಾಡಿದೆ. ಐದು ಮಹಡಿಗೂ ಸರಿಹೋಗಲಿಲ್ಲ. ನಾಲ್ಕಕ್ಕೆ ಬಂದು ನಿಂತಾಗ ಕಬ್ಬಿಣವೂ ಸಾಕಾಯಿತು, ಕಂಬಗಳೂ ಹದಕ್ಕೆ ಬಂದವು. ನಾಲ್ಕನೆಯ ಮಹಡಿಯವರೆಗೆ ಜನ ಲಿಫ್ಟಿಲ್ಲದೆಯೂ ಗೊಣಗಿಕೊಂಡು ಹತ್ತುತ್ತಾರೆ.

ಅಂದರೆ ನನ್ನ ಎತ್ತರದ ಕಟ್ಟಡ ಹೋಯಿತು. ಬನಶಂಕರಿ ಗುಡಿಯಿಂದ ಕಾಣುವುದಿರಲಿ, ಮುಂದಿನ ಬ್ಲಾಕಿನ ಮರಗಳ ಮರೆಯಲ್ಲೇ ಮುಳುಗುತ್ತಿತ್ತು. ಆರು ಮಹಡಿಯ ಟ್ರೇಸಿಂಗನ್ನು ಮೇಜಿನ ಮೇಲೆ ಹರಡಿಕೊಂಡು ಒಂದು ಇಡೀ ಮಧ್ಯಾಹ್ನ ಸುಮ್ಮನೆ ನೋಡುತ್ತ ಕೂತೆ. ಬೇರೆ ದಾರಿ ಇರಲಿಲ್ಲವೆಂದಲ್ಲ. ಆರು ಮಹಡಿಯನ್ನೇ ಉಳಿಸಿಕೊಂಡು, ಭಾಗದ ಮಾತನ್ನು ವಕೀಲರಿಗೆ ಬಿಟ್ಟು, ಮೂವರಿಂದ ಒಂದು ಕಾಗದಕ್ಕೆ ರುಜು ಹಾಕಿಸಿದ್ದರೆ ಯಾರೂ ನನ್ನನ್ನು ಬಯ್ಯುತ್ತಿರಲಿಲ್ಲ. ಆದರೆ ಎಲ್ಲಿ ನಿಂತುಕೊಂಡರೆ ನನ್ನದು ಎಂದು ಕೇಳಿದ್ದ ಆ ದನಿಗೆ ಕಾಗದ ಉತ್ತರವಾಗುತ್ತಿರಲಿಲ್ಲ. ಸಂಜೆ ಹಳೆಯ ಟ್ರೇಸಿಂಗನ್ನು ಸುತ್ತಿ ಅಟ್ಟಕ್ಕೆ ಹಾಕಿ, ನಾಲ್ಕು ಮಹಡಿಯ ಹೊಸ ಹಾಳೆ ಬಿಗಿದೆ.

ಹಿರಿಯರು ಒಂದೇ ಷರತ್ತು ಹಾಕಿದರು. "ಒಳಗೆ ಮೂರಾಗಲಿ, ಹೊರಗಡೆಯಿಂದ ಒಂದೇ ಕಾಣಬೇಕು." ಮೂರು ಪಾಲಿನ ಮುಂದೆಯೂ ಒಂದೇ ಸಜ್ಜಾ ಗೆರೆಯನ್ನು ತಾವೇ ಕೈಯಾರೆ ಎಳೆದುಕೊಟ್ಟರು. ಸಂದಿಗಳನ್ನು ಆ ಗೆರೆಯ ನೆರಳಲ್ಲಿ ಅಡಗಿಸಿದೆವು.

ಉಳಿದದ್ದು ಪಾಲು ಸರಿದೂಗಿಸುವ ಕೆಲಸ. ಮೂಲೆಯದಕ್ಕೆ ಎರಡು ರಸ್ತೆ, ಅದು ಎಲ್ಲರಿಗೂ ಬೇಕಾದದ್ದು, ಅದನ್ನು ಅಗಲದಲ್ಲಿ ಕಿರಿದು ಮಾಡಿದೆ. ಆ ಕಡೆಯ ತುದಿಯದಕ್ಕೆ ಒಂದೇ ರಸ್ತೆ, ಆದರೆ ಪಕ್ಕದ ಖಾಲಿ ಜಾಗದಿಂದ ಗಾಳಿ ಬೆಳಕು ಧಾರಾಳ. ನಡುವಿನದಕ್ಕೆ ಮುಂದೆ ಹಿಂದೆ ಬಿಟ್ಟರೆ ಕಿಟಕಿಯೇ ಇಲ್ಲ. ಅದನ್ನು ಎಲ್ಲಕ್ಕಿಂತ ಅಗಲ ಮಾಡಿ, ಮೆಟ್ಟಿಲ ಪಕ್ಕ ಬೆಳಕಿಗೆಂದು ಆಕಾಶಕ್ಕೆ ತೆರೆದ ಒಂದು ಕಿರಿದಾದ ಅಂಕಣ ಬಿಟ್ಟೆ. ಎಷ್ಟು ಮಾಡಿದರೂ ನಡುವಿನದು ನನಗೇ ಒಪ್ಪಿಗೆಯಾಗಲಿಲ್ಲ. ಕೊನೆಗೆ ಉಳಿಯುವುದು ಅದೇ, ಯಜಮಾನರ ಪಾಲಿಗೆ ಅದೇ ಬೀಳುತ್ತದೆ, ಮತ್ತೆ ನನ್ನ ಮೇಲೆ ಹಾರಾಡುತ್ತಾರೆ ಎಂದು ಒಳಗೊಳಗೇ ಅಳುಕಿತ್ತು.

ಯಜಮಾನರು ಹೊಸ ನಕ್ಷೆಯನ್ನು ಬೆರಳಿಟ್ಟು ಓದಿದರು. ಎರಡು ಮಹಡಿ ಹೋದದ್ದಕ್ಕೆ ನಿಟ್ಟುಸಿರು ಬಿಟ್ಟರು, ಆದರೆ ಆ ಮೂರು ರಟ್ಟಿನ ಮಹಡಿಗಳು ಅವರಿಗೆ ಮರೆತಿರಲಿಲ್ಲ. ಬುನಾದಿಯ ಹಾಳೆಗೆ ಬಂದಾಗ ಬೆರಳು ನಿಂತಿತು.

"ಇಲ್ಲಿ ಎರಡು ಕಂಬಕ್ಕೂ ಒಂದೇ ಪಾದ ಐತಲ್ಲ ಸ್ವಾಮಿ?"

"ಹೌದು. ಅಷ್ಟು ಹತ್ತಿರ ಇರುವ ಎರಡು ಕಂಬಕ್ಕೆ ಬೇರೆ ಬೇರೆ ಪಾದ ಹಾಕೋಕಾಗಲ್ಲ. ಮಣ್ಣಿನ ಕೆಳಗೆ ಒಂದೇ, ಮಣ್ಣಿನ ಮೇಲೆ ಬೇರೆ ಬೇರೆ."

"ಇರ್ಲಿ ಬಿಡಿ," ಎಂದರು. "ಜಗಳ ಆಗೋದು ಮೇಲ್ಗಡೆನೇ."

ಆರಿಸುವ ಕಾರ್ಯವನ್ನು ಈ ಸಲ ರಟ್ಟಿನಲ್ಲಿ ಬೇಡ, ನೆಲದ ಮೇಲೆಯೇ ಮಾಡೋಣ ಎಂದು ನಾನೇ ಹೇಳಿದೆ. ಮೇಸ್ತ್ರಿ ದಾರ ಹಿಡಿದು ಸುಣ್ಣದ ಪುಡಿಯಲ್ಲಿ ನಿವೇಶನದ ಮೇಲೆ ಮೂರು ಪಾಲಿನ ಗೆರೆ ಹಾಕಿದ. ಬೆಳಗಿನ ಬಿಸಿಲು. ಆಚೆ ಖಾಲಿ ನಿವೇಶನದಲ್ಲಿ ಯಾರದೋ ಎಮ್ಮೆಗಳು ಮೇಯುತ್ತಿದ್ದವು. ಅಣ್ಣತಮ್ಮಂದಿರು ಬಂದರು. ಸ್ವಲ್ಪ ಹಿಂದೆ, ತಲೆಯ ಮೇಲೆ ಸೆರಗು ಹೊದ್ದು ಆಕೆ ಬಂದಳು. ಅಲ್ಲಿ ಮರೆಯಾಗಲು ಬಾಗಿಲು ಇರಲಿಲ್ಲ. ಮೂವತ್ತೈದರ ಆಚೀಚೆ ವಯಸ್ಸು, ಗೋಧಿ ಬಣ್ಣ. ದನಿಯಿಂದ ನಾನು ಇನ್ನೂ ದೊಡ್ಡವಳೆಂದು ಊಹಿಸಿದ್ದೆ.

ತಮ್ಮ ನೆಟ್ಟಗೆ ಮೂಲೆಗೆ ಹೋಗಿ ನಿಂತ. ಅದು ನಿರೀಕ್ಷಿಸಿದ್ದೇ.

ಆಕೆ ಅವಸರ ಮಾಡಲಿಲ್ಲ. ತುದಿಯ ಪಾಲಿನಲ್ಲಿ ಹಿಂದಿನವರೆಗೆ ನಡೆದು ಬಂದಳು, ನಡುವಿನದರಲ್ಲೂ ನಡೆದಳು. ಆಮೇಲೆ ಮೈದುನನನ್ನಲ್ಲ, ನನ್ನನ್ನು ಕೇಳಿದಳು:

"ಸ್ವಾಮಿ, ಕಂಪ್ನಿಯೋರಿಗೆ ಆ ತುದೀದೂ ಈ ತುದೀದೂ ಸೇರಿಸಿ ಕೊಡೋಕಾಗುತ್ತಾ? ನಡುವಿಂದು ಬಿಟ್ಟು?"

"ಹೇಗಾಗುತ್ತಮ್ಮ? ಅವರಿಗೆ ಒಂದೇ ಹಾಲು ಬೇಕು. ನಡುವಿನದು ಇಲ್ಲದಿದ್ದರೆ ಅದು ಎರಡು ಕೋಣೆ ಆಗುತ್ತೆ."

"ಬರೀ ಎರಡು ಪಾಲು ಸಾಕು ಅಂತಾರಾ?"

"ಇಲ್ಲ. ಅವರಿಗೆ ಅಷ್ಟು ಜಾಗ ಸಾಲದು."

ಆಕೆ ಸುಣ್ಣದ ಗೆರೆ ದಾಟಿ ನಡುವಿನ ಪಾಲಿನಲ್ಲಿ ನಿಂತಳು. "ಹಂಗಾದ್ರೆ ಇದು ನಂದು."

ನನಗೆ ಮೊದಲು ಅಯ್ಯೋ ಎನಿಸಿತು. ಯಜಮಾನರಿಗೂ ಹಾಗೇ ಆಗಿರಬೇಕು. ಅಷ್ಟು ವರ್ಷದಲ್ಲಿ ಮೊದಲ ಸಲವೋ ಏನೋ, ಅವರು ನೇರವಾಗಿ ಆಕೆಯ ಜೊತೆಯೇ ಮಾತಾಡಿದರು.

"ಬ್ಯಾಡ ಕಣಮ್ಮ. ಆ ಕಡೇದು ತಗೊ. ಗಾಳಿ ಬರುತ್ತೆ, ಬೆಳಕು ಬರುತ್ತೆ. ಇದ್ರಲ್ ಏನೈತೆ? ನನಗೆ ಇರ್ಲಿ ಇದು."

"ಗಾಳಿ ನಿಮಗಿರ್ಲಿ ಭಾವ," ಎಂದಳು ಆಕೆ, ನೆಲ ನೋಡಿಕೊಂಡು, ಆದರೆ ದನಿ ತಗ್ಗಿಸದೆ. "ನಾನು ನಡುವೆ ಇದ್ರೆ ಬಾಡಿಗೆ ಮಾತು ನನ್ನ ಬಿಟ್ಟು ಆಗಲ್ಲ. ನನ್ ರುಜುನೂ ಬೇಕಾಗುತ್ತೆ."

ತಮ್ಮ ಮೂಲೆಯಿಂದ ಜೋರಾಗಿ ನಕ್ಕ. ಯಜಮಾನರು ಕೊಡೆಯ ತುದಿಯಿಂದ ಮಣ್ಣು ಕೆದಕುತ್ತ ನಿಂತರು. ಅವರು ಎಣಿಸುತ್ತಿದ್ದುದು ನನಗೆ ಕಾಣುತ್ತಿತ್ತು: ಮೂಲೆಯೂ ತುದಿಯೂ ಸೇರಿ ಆಕೆಯನ್ನು ಹೊರಗಿಡುವ ಹಾಗಿಲ್ಲ, ಆಕೆಯನ್ನು ಬಿಟ್ಟು ಕಂಪನಿಯ ಜೊತೆ ಒಂದು ಮಾತೂ ಮುಗಿಯುವಂತಿಲ್ಲ. ನಾನು ಆ ಪಾಲನ್ನು ತಿಂಗಳುಗಟ್ಟಲೆ ಕಿಟಕಿ ಲೆಕ್ಕ ಹಾಕಿ ನೋಡಿದ್ದೆ. ಬಾಡಿಗೆಯ ಕೀಲಿ ಅಲ್ಲಿದೆ ಎಂದು ನನಗೆ ಹೊಳೆದಿರಲೇ ಇಲ್ಲ. ಸಂತೋಷ ಎಷ್ಟಾಯಿತೆಂದರೆ ಎರಡು ಮಹಡಿ ಕಳೆದುಕೊಂಡದ್ದು ಆ ಕ್ಷಣಕ್ಕೆ ಮರೆತೇಹೋಯಿತು.

"ಆಯ್ತು," ಎಂದರು ಯಜಮಾನರು ಕೊನೆಗೆ. ಸುಣ್ಣದ ಗೆರೆ ತುಳಿಯದೆ, ಸುತ್ತಿ ಬಳಸಿ, ತಮಗೆ ಉಳಿದ ತುದಿಯ ಪಾಲಿಗೆ ಹೋಗಿ ನಿಂತುಕೊಂಡರು.

ಇನ್ನು ನನ್ನ ಕೆಲಸ ಉಳಿದಿತ್ತು. ಮೂರು ಪಾಲಿಗೂ ಬೇರೆ ಬೇರೆ ವಿದ್ಯುತ್ ಮೀಟರು ಎಂದು ನಕ್ಷೆಯಲ್ಲಿ ತೋರಿಸಿದ್ದೆ, ಅರ್ಜಿಗೆ ಹೆಸರುಗಳು ಬೇಕಿದ್ದವು. ನಕ್ಷೆಯನ್ನು ಕಲ್ಲಿನ ರಾಶಿಯ ಮೇಲೆ ಹರಡಿ ಪೆನ್ಸಿಲ್ ತೆಗೆದೆ. ತಮ್ಮ ಹೇಳಿದ, ಬರೆದೆ. ಯಜಮಾನರದು ಗೊತ್ತಿತ್ತು, ಬರೆದೆ. ನಡುವಿನದಕ್ಕೆ ಬಂದಾಗ ತಲೆಯೆತ್ತಿದೆ. ಅಷ್ಟು ತಿಂಗಳು ಆ ಮನೆಯ ವಿಷಯ ಮಾತಾಡಿದ್ದೆವು, ಆಕೆಯ ಹೆಸರನ್ನು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

"ಪುಟ್ಟಚೆನ್ನಮ್ಮ," ಎಂದಳು ಆಕೆ.

"ಕೋಂ ಅಂತ ಹಾಕಿ, ಇಂಥೋರ ಹೆಂಡ್ತಿ ಅಂತ ನನ್ ತಮ್ಮನ ಹೆಸರೂ ಸೇರ್ಸಿ ಸ್ವಾಮಿ," ಎಂದರು ಯಜಮಾನರು ತಾವು ನಿಂತಿದ್ದ ಪಾಲಿನಿಂದಲೇ. "ಪುಟ್ಟಚೆನ್ನಮ್ಮ ಅಂದ್ರೆ ಯಾರು ಅಂತ ಯಾರಿಗ್ ಗೊತ್ತಾಗುತ್ತೆ?"

ನಾನು ಪೆನ್ಸಿಲ್ ಹಿಡಿದು ಆಕೆಯ ಮುಖ ನೋಡಿದೆ. ಆಕೆಯ ಕಣ್ಣು ತುಂಬಿತ್ತು.

"ಅವರ ಹೆಸರು ನನ್ ಹತ್ರ ಐತೆ ಸ್ವಾಮಿ," ಎಂದಳು. "ಮೀಟರಿಗೆ ನಂದು ಸಾಕು."